ಸ್ಕೀ ಬಾರದವರು ಸ್ಕೀ ಊರಿನ ಚರಿತ್ರೆ ಓದುವ ಬಗೆ

ಮಲ್ಲೇಶ್ವರದ ನಮ್ಮ ಬೀದಿಯಲ್ಲಿ ಮಕ್ಕಳು ಮ್ಯೂನಿಕ್, ಜ್ಯೂರಿಕ್, ಸ್ಟುಟ್‌ಗಾರ್ಟ್ ಎಂದು ನೆಲೆ ನಿಂತಿರುವ ಮನೆಗಳು ಹಲವು. ಚಳಿಗಾಲದಲ್ಲಿ ಅಪ್ಪ ಅಮ್ಮಂದಿರು ಅಲ್ಲಿಗೆ ಹೋದಾಗ ಮಕ್ಕಳು ಪ್ರೀತಿಯಿಂದ ಆಲ್ಪ್ಸ್ ಪರ್ವತದ ಹಿಮದೂರೊಂದಕ್ಕೆ ಕರೆದೊಯ್ಯುತ್ತಾರೆ. ಮಗ, ಸೊಸೆ, ಮೊಮ್ಮಕ್ಕಳು ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಪಟ್ಟಿಗಳನ್ನು, ಕಾಲಿಗೆ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ. ಹಿರಿಯರು ಕೆಳಗೆ ಕಾಫಿ ಅಂಗಡಿಯ ಕಿಟಕಿಯ ಬಳಿ ಸಂಜೆಯವರೆಗೆ ಕಾಯುತ್ತಾರೆ. ಊರಿಗೆ ಮರಳಿದವರನ್ನು "ಏನು ನೋಡಿದಿರಿ?" ಎಂದು ಕೇಳಿದರೆ "ಎಲ್ಲ ಬೆಳ್ಳಗಿತ್ತು" ಎನ್ನುತ್ತಾರೆ. ಅಷ್ಟು ದೂರ ಹೋದವರು ಇಷ್ಟನ್ನೇ ಕಂಡು ಬರುವುದು ನನಗೆ ಸಂಕಟದ ವಿಷಯ. ಸ್ಕೀ ಮೇಲೆ ನಿಲ್ಲಲು ಬಾರದವರೂ ಆ ಊರನ್ನು ಬೀದಿ ಬೀದಿಯಾಗಿ ಓದಬಹುದು. ಅದಕ್ಕೆ ಬೇಕಾದ ತಯಾರಿಯ ಮುಕ್ಕಾಲು ಪಾಲು ಬೆಂಗಳೂರಿನಲ್ಲೇ, ಮನೆಯ ಊಟದ ಮೇಜಿನ ಮೇಲೆ ಆಗಬೇಕು.

ನಾನು ರೈಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತಳಾದವಳು. ಸೇತುವೆ, ಒಡ್ಡು, ನಿಲ್ದಾಣದ ಅಂಗಳ ಇವುಗಳನ್ನು ಟ್ರೇಸಿಂಗ್ ಕಾಗದದ ಮೇಲೆ ಪದರ ಪದರವಾಗಿ ಬಿಡಿಸುವುದು ನನ್ನ ಕಸುಬು. ತಂಗಿಯ ಮಗಳು ಇನ್ಸ್‌ಬ್ರುಕ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಒಂದು ಹಳೆಯ ರೈಲು ಸುರಂಗವನ್ನು ನೋಡಲು ಹೊರಟು, ಅದರ ಬಾಯಲ್ಲೇ ಇದ್ದ ಸ್ಕೀ ಊರಿನ ಚರಿತ್ರೆಗೆ ಒಲಿದೆ. ಹೀಗಾಗಿ ನನ್ನ ಕ್ರಮ ನಕ್ಷೆಗಾರರ ಕ್ರಮ: ನಾಲ್ಕು ಹಾಳೆ, ಒಂದರ ಮೇಲೊಂದು. ನನ್ನ ಖಚಿತ ಅಭಿಪ್ರಾಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಸ್ಕೀ ಊರಿನ ಚರಿತ್ರೆಯನ್ನು ಪದಕ ಗೆದ್ದವರಿಂದ ಆರಂಭಿಸಬಾರದು. ಚಳಿಗಾಲದಲ್ಲಿ ಅಲ್ಲಿಗೆ ಜನ ತಲುಪಿದ್ದು ಹೇಗೆ, ತಲುಪಿದವರಿಗೆ ಕಲಿಸಿದವರು ಯಾರು ಎಂಬ ಎರಡು ಪ್ರಶ್ನೆಗಳಿಂದ ಆರಂಭಿಸಬೇಕು.

ಒಂದೇ ಊರನ್ನು ಹಿಡಿಯಿರಿ

ಇಡೀ ಆಲ್ಪ್ಸ್ ಚರಿತ್ರೆಗೆ ಕೈ ಹಾಕಬೇಡಿ. ಸ್ವಿಟ್ಜರ್ಲೆಂಡಿನ ದಾವೋಸ್, ಮ್ಯೂರೆನ್, ಫ್ರಾನ್ಸಿನ ಶಮೋನಿ, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಪ್ರತಿಯೊಂದಕ್ಕೂ ತನ್ನದೇ ಕಥೆಯಿದೆ. ಶೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1894ರಲ್ಲಿ ದಾವೋಸ್‌ನಿಂದ ಬೆಟ್ಟ ದಾಟಿ ಅರೋಸಾಗೆ ಸ್ಕೀ ಮೇಲೆ ಹೋದರು. ಶಮೋನಿಯಲ್ಲಿ 1924ರಲ್ಲಿ ನಡೆದ ಕ್ರೀಡಾವಾರವೇ ಮೊದಲ ಚಳಿಗಾಲದ ಒಲಿಂಪಿಕ್ಸ್ ಎನಿಸಿಕೊಂಡಿತು. ನಿಮ್ಮ ಮಕ್ಕಳು ಕರೆದೊಯ್ಯುವ ಊರು ಯಾವುದೋ ಅದನ್ನೇ ಆರಿಸಿಕೊಳ್ಳಿ. ನಾನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಸಾಂಕ್ಟ್ ಆಂಟೋನ್. ಇನ್ಸ್‌ಬ್ರುಕ್ ಮತ್ತು ಜ್ಯೂರಿಕ್ ನಡುವಿನ ಮುಖ್ಯ ರೈಲು ಮಾರ್ಗದಲ್ಲೇ ಇರುವುದರಿಂದ ಮಂಡಿ ನೋವಿರುವವರೂ ಸುಲಭವಾಗಿ ತಲುಪಬಹುದು. ಕ್ರಮ ಮಾತ್ರ ಯಾವ ಊರಿಗಾದರೂ ಅದೇ.

ಸಾಮಗ್ರಿ ಹೆಚ್ಚಿಲ್ಲ. ಆಸ್ಟ್ರಿಯಾ ಸರ್ಕಾರದ ಭೂಮಾಪನ ಇಲಾಖೆಯ ನಕ್ಷೆ ಅಂತರಜಾಲದಲ್ಲಿ ಉಚಿತವಾಗಿ ನೋಡಲು ಸಿಗುತ್ತದೆ. ಆ ಊರು, ಅದರ ಪಶ್ಚಿಮದ ಆರ್ಲ್‌ಬರ್ಗ್ ಘಟ್ಟದ ದಾರಿ, ಅದರಾಚೆಯ ಸ್ಟೂಬೆನ್ ಮತ್ತು ಉತ್ತರದ ತ್ಸ್ಯೂರ್ಸ್, ಲೆಖ್ ಹಳ್ಳಿಗಳು ಒಂದೇ ಚೌಕಟ್ಟಿನೊಳಗೆ ಬರುವಂತೆ ಹೊಂದಿಸಿ, ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿಕೊಳ್ಳಿ. ನಾಲ್ಕು ಟ್ರೇಸಿಂಗ್ ಕಾಗದ, ನಾಲ್ಕು ಬಣ್ಣದ ಪೆನ್ಸಿಲ್, ಕ್ಲಿಪ್ಪು ಸಾಕು. ಜರ್ಮನ್ ಮಾತನಾಡುವ ನಾಡುಗಳ ಬಗ್ಗೆ ಓದಲು ಇಂದಿರಾನಗರದ ಗಯಟೆ ಸಂಸ್ಥೆಯ ಗ್ರಂಥಾಲಯವಿದೆ. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ನಮ್ಮ ಕಡೆಯಿಂದ ಹೋಗುವುದು ಕಷ್ಟವಲ್ಲ.

ಮೊದಲ ಹಾಳೆ: ಎತ್ತರ

ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಹರಡಿ, ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಲ್ಲಿ ದಪ್ಪನೆಯವನ್ನು ಮಾತ್ರ ಎಳೆಯಿರಿ. ಊರು, ಘಟ್ಟದ ನೆತ್ತಿ, ದೊಡ್ಡ ಶಿಖರ ಈ ಮೂರರ ಎತ್ತರವನ್ನು ಅಂಕಿಯಲ್ಲಿ ಬರೆಯಿರಿ. ಸಾಂಕ್ಟ್ ಆಂಟೋನ್ 1304 ಮೀಟರ್. ನಮ್ಮ ನಂದಿಬೆಟ್ಟ 1478 ಮೀಟರ್. ಹೌದು, ಆ ಹಿಮದೂರು ನಂದಿಗಿಂತ ತಗ್ಗಿನಲ್ಲಿದೆ. ಆರ್ಲ್‌ಬರ್ಗ್ ಘಟ್ಟದ ನೆತ್ತಿ 1793 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತಲೂ ಕಡಿಮೆ. ಊರಿನ ಮೇಲಿರುವ ವಲ್ಲೂಗಾ ಶಿಖರ ಮಾತ್ರ 2811 ಮೀಟರ್.

ಈ ಅಂಕಿಗಳನ್ನು ಬರೆದ ಕೂಡಲೇ ಪ್ರಶ್ನೆ ಹುಟ್ಟಬೇಕು: ಹಾಗಾದರೆ ಅಲ್ಲಿ ಅಷ್ಟು ಹಿಮ ಏಕೆ? ಉತ್ತರದ ಅರ್ಧ ಭಾಗ ಅಕ್ಷಾಂಶದಲ್ಲಿದೆ. ಬೆಂಗಳೂರು 13 ಡಿಗ್ರಿಯ ಆಸುಪಾಸು, ಆ ಊರು 47 ಡಿಗ್ರಿ ಉತ್ತರ. ಉಳಿದರ್ಧ ಬೆಟ್ಟಸಾಲಿನಲ್ಲಿದೆ. ವಾಯವ್ಯದಿಂದ ತೇವ ಹೊತ್ತು ಬರುವ ಗಾಳಿಗೆ ಆರ್ಲ್‌ಬರ್ಗ್ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಿ ತಣಿದು ತನ್ನ ಹೊರೆಯನ್ನೆಲ್ಲ ಅಲ್ಲೇ ಇಳಿಸುತ್ತದೆ.

ಹಸಿರು ಪೆನ್ಸಿಲಿನಲ್ಲಿ ಇನ್ನೊಂದು ಕೆಲಸ ಮಾಡಿ. ಕಾಡಿನ ಗೆರೆಯ ಮೇಲೆ ಮರಗಳಿಲ್ಲದ ತೆರೆದ ಇಳಿಜಾರುಗಳನ್ನು ಗುರುತಿಸಿ. ಅವು ಶತಮಾನಗಳಿಂದ ಬೇಸಿಗೆಯಲ್ಲಿ ದನ ಮೇಯಿಸಲು ಕಾಪಾಡಿಕೊಂಡು ಬಂದ ಹುಲ್ಲುಗಾವಲುಗಳು. ದನ ಕಾಯುವವರು ಮರ ಬೆಳೆಯಗೊಡದೆ ಇಟ್ಟದ್ದರಿಂದಲೇ ಮುಂದೆ ಸ್ಕೀಗಾರರಿಗೆ ಅಡೆತಡೆಯಿಲ್ಲದ ಬಿಳಿ ಬಯಲು ಸಿಕ್ಕಿತು. ಸ್ಕೀ ಚರಿತ್ರೆ ಹೇಳುವವರು ಈ ದನಗಾಹಿಗಳ ಮಾತೆತ್ತುವುದು ಅಪರೂಪ. ನಿಮ್ಮ ಹಾಳೆಯಲ್ಲಾದರೂ ಅವರಿಗೆ ಜಾಗ ಇರಲಿ.

ಎರಡನೆಯ ಹಾಳೆ: ದಾರಿ ಮತ್ತು ಹಳಿ

ಇಲ್ಲಿ ನಿಧಾನ ಮಾಡಿ. ಊರಿನ ಹಣೆಬರಹ ಈ ಹಾಳೆಯಲ್ಲಿದೆ.

ಮೊದಲು ಘಟ್ಟದ ಹಳೆಯ ದಾರಿಯನ್ನು ಕೆಂಪಿನಲ್ಲಿ ಎಳೆದು, ನೆತ್ತಿಯ ಹತ್ತಿರ ಸಾಂಕ್ಟ್ ಕ್ರಿಸ್ಟೋಫ್ ಎಂಬಲ್ಲಿ ಒಂದು ಚುಕ್ಕೆಯಿಟ್ಟು 1386 ಎಂದು ಬರೆಯಿರಿ. ಆ ವರ್ಷ ಹೈನ್ರಿಖ್ ಫಿಂಡೆಲ್‌ಕಿಂಡ್ ಎಂಬಾತ ಅಲ್ಲಿ ದಾರಿಹೋಕರಿಗೆ ಒಂದು ಛತ್ರ ಕಟ್ಟಲು ಹೊರಟ. ಘಟ್ಟ ದಾಟುವಾಗ ಹಿಮದಲ್ಲಿ ಸತ್ತವರನ್ನು ಕಂಡು ಮರುಗಿದ ಆತ ಊರೂರು ತಿರುಗಿ ದಾನ ಎತ್ತಿದ. ದಾನಿಗಳ ಸಂಘವೇ ಕಟ್ಟಿಕೊಂಡಿತು. ಹಳೆಯ ಕಟ್ಟಡ 1957ರಲ್ಲಿ ಬೆಂಕಿಗೆ ಆಹುತಿಯಾಯಿತು, ಈಗಿರುವುದು ಮರುಕಟ್ಟಿದ್ದು. ಸ್ಕೀ ಬರುವುದಕ್ಕೆ ಐದು ಶತಮಾನ ಮೊದಲು ಹಿಮ ಅಲ್ಲಿಯವರಿಗೆ ಏನಾಗಿತ್ತು ಎಂಬುದು ಆ ಒಂದು ಚುಕ್ಕೆಯಲ್ಲಿದೆ.

ಅದೇ ಕೆಂಪು ದಾರಿಯ ಪಕ್ಕದಲ್ಲಿ ಮಕ್ಕಳ ಬಗ್ಗೆಯೂ ಒಂದು ಸಾಲು ಬರೆಯಿರಿ. ಟಿರೋಲ್‌ನ ಬಡ ಮನೆಗಳ ಮಕ್ಕಳು ಮಾರ್ಚ್ ತಿಂಗಳಲ್ಲಿ, ಇನ್ನೂ ಹಿಮ ಇರುವಾಗಲೇ, ಕಾಲ್ನಡಿಗೆಯಲ್ಲಿ ಈ ಘಟ್ಟ ದಾಟಿ ಜರ್ಮನಿಯ ಶ್ವಾಬಿಯಾ ಸೀಮೆಗೆ ಜೀತದ ಕೆಲಸಕ್ಕೆ ಹೋಗುತ್ತಿದ್ದರು. ರೈತರ ಮನೆಗಳಲ್ಲಿ ದನ ಕಾದು ಶರತ್ಕಾಲ ಮುಗಿಯುವಾಗ ಮರಳುತ್ತಿದ್ದರು. ಈ ಪದ್ಧತಿ 20ನೆಯ ಶತಮಾನದ ಆರಂಭದವರೆಗೂ ನಡೆದಿತ್ತು. ಇಂದು ಒಂದು ರಾತ್ರಿಯ ಕೋಣೆಗೆ ನೀವು ತೆರುವ ಹಣ ನೋಡಿ ಈ ಊರು ಮೊದಲಿನಿಂದಲೂ ಸಿರಿವಂತವಾಗಿತ್ತು ಎಂದುಕೊಳ್ಳಬೇಡಿ. ಚಳಿಗಾಲ ಎಂದರೆ ದುಡಿಮೆಯಿಲ್ಲದ ತಿಂಗಳುಗಳು ಎಂಬ ಸ್ಥಿತಿ ಅಜ್ಜಂದಿರ ನೆನಪಿನ ಅಳತೆಯಲ್ಲೇ ಇದೆ.

ಇನ್ನು ಕಪ್ಪು ಗೆರೆ, ರೈಲು. ಘಟ್ಟದ ಪಶ್ಚಿಮಕ್ಕಿರುವ ಫೋರಾರ್ಲ್‌ಬರ್ಗ್ ಪ್ರಾಂತ್ಯವನ್ನು ಆಸ್ಟ್ರಿಯಾದ ಉಳಿದ ಭಾಗಕ್ಕೆ ಜೋಡಿಸುತ್ತಿದ್ದುದು ಈ ಘಟ್ಟದ ರಸ್ತೆ. ಚಳಿಗಾಲದಲ್ಲಿ ಅದನ್ನು ನಂಬುವಂತಿರಲಿಲ್ಲ. 1880ರಲ್ಲಿ ಸುರಂಗದ ಕೆಲಸ ಆರಂಭವಾಯಿತು. ಪೂರ್ವದ ಬಾಯಿ ಸಾಂಕ್ಟ್ ಆಂಟೋನ್‌ನಲ್ಲಿ, ಪಶ್ಚಿಮದ ಬಾಯಿ ಲಾಂಗೆನ್‌ನಲ್ಲಿ. ಪೂರ್ವದ ಕಡೆ ಒತ್ತಿದ ಗಾಳಿಯಿಂದ ನಡೆಯುವ ಯಂತ್ರ, ಪಶ್ಚಿಮದ ಕಡೆ ನೀರಿನ ಒತ್ತಡದಿಂದ ತಿರುಗುವ ಯಂತ್ರ ಬಂಡೆ ಕೊರೆದವು. 1883ರ ನವೆಂಬರಿನಲ್ಲಿ ಎರಡು ಕಡೆಯವರೂ ಬೆಟ್ಟದ ಹೊಟ್ಟೆಯಲ್ಲಿ ಸಂಧಿಸಿದರು. 1884ರ ಸೆಪ್ಟೆಂಬರಿನಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಎದುರಿನಲ್ಲಿ ಮಾರ್ಗದ ಉದ್ಘಾಟನೆ ಆಯಿತು. ಹತ್ತು ಕಿಲೋಮೀಟರಿಗೂ ಉದ್ದದ ಸುರಂಗ ಐದು ವರ್ಷದೊಳಗೆ ಸಿದ್ಧ! ಇದರ ಮುಖ್ಯ ಎಂಜಿನಿಯರ್ ಯೂಲಿಯಸ್ ಲಾಟ್ ಆ ದಿನವನ್ನು ನೋಡಲಿಲ್ಲ. 1883ರಲ್ಲೇ ತೀರಿಕೊಂಡರು. ವೃತ್ತಿಯ ಅಭಿಮಾನದಿಂದ ಹೇಳುತ್ತಿದ್ದೇನೆ ಎಂದುಕೊಂಡರೂ ಚಿಂತೆಯಿಲ್ಲ, ಸಾಂಕ್ಟ್ ಆಂಟೋನ್‌ನ ಸ್ಕೀ ಚರಿತ್ರೆಯಲ್ಲಿ ಮೊದಲು ಬರೆಯಬೇಕಾದ ಹೆಸರು ಸ್ಕೀ ಮುಟ್ಟದ ಈ ಎಂಜಿನಿಯರಿನದು.

ಕಾರಣ ಹೀಗಿದೆ. ರೈಲು ಬಂದ ಮೇಲೆ ಘಟ್ಟದ ರಸ್ತೆಯ ಗಾಡಿ ಸಂಚಾರ ಬತ್ತಿತು. ಗಾಡಿ ಹೊಡೆಯುವವರು, ಕುದುರೆ ಬದಲಿಸುವವರು, ದಾರಿಯ ಊಟದ ಮನೆಯವರು ಕೆಲಸ ಕಳೆದುಕೊಂಡರು. ಸ್ಟೂಬೆನ್‌ನಂಥ ಹಳ್ಳಿಗೆ ಅದು ದೊಡ್ಡ ಪೆಟ್ಟು. ಆದರೆ ಅದೇ ರೈಲು ಜನವರಿಯ ನಡುಹಿಮದಲ್ಲೂ ನಗರದ ಪ್ರಯಾಣಿಕರನ್ನು ಊರಿನ ನಡುವಿಗೇ ತಂದು ಇಳಿಸಬಲ್ಲದಾಗಿತ್ತು. ಕೆಲಸವಿಲ್ಲದ ಕೈಗಳು, ಖಾಲಿ ಕೋಣೆಗಳು, ಬೇಕಾದಷ್ಟು ಹಿಮ, ನಿಲ್ದಾಣ ಎಲ್ಲವೂ ಒಂದೇ ಕಡೆ ಕೂಡಿದ್ದವು. ಕೊರತೆಯಿದ್ದದ್ದು ಚಳಿಗಾಲದಲ್ಲಿ ಯಾರಾದರೂ ಅಲ್ಲಿಗೆ ಬರಲು ಒಂದು ಕಾರಣ. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಮೂರನೆಯ ಹಾಳೆ: ಕಲಿಸಿದವರು

ಸ್ಕೀ ಆಲ್ಪ್ಸ್‌ನ ಸ್ವಂತ ವಸ್ತುವಲ್ಲ. ನಾರ್ವೆಯಲ್ಲಿ ಅದು ತೀರ ಹಳೆಯ ಸಾಧನ. ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಸ್ಕೀ ಮೇಲೆ ಗ್ರೀನ್‌ಲೆಂಡ್ ದಾಟಿ ಅದರ ವೃತ್ತಾಂತ ಬರೆದ ಮೇಲೆ ಮಧ್ಯ ಯೂರೋಪಿನವರಿಗೆ ಹುಚ್ಚು ಹತ್ತಿತು. ಆದರೆ ನಾರ್ವೆಯ ವಿಧಾನ ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ಒಗ್ಗಲಿಲ್ಲ. ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡ್‌ನ ಮಥಿಯಾಸ್ ಜ್ಡಾರ್ಸ್ಕಿ ಒಂದೇ ಉದ್ದ ಕೋಲು ಹಿಡಿದು ತಿರುಗಿ ಇಳಿಯುವ ವಿಧಾನ ರೂಪಿಸಿದರು. ಸೈನ್ಯಾಧಿಕಾರಿ ಗೇಯೊರ್ಗ್ ಬಿಲ್ಗೆರಿ ಎರಡು ಕೋಲು ಬಳಸಿ ಅದನ್ನು ಹಗುರ ಮಾಡಿದರು. ಆರ್ಲ್‌ಬರ್ಗ್ ಕಡೆಗೆ ಬಂದರೆ, ವಾರ್ಥ್ ಹಳ್ಳಿಯ ಪಾದ್ರಿ ಯೋಹಾನ್ ಮ್ಯುಲ್ಲರ್ 1890ರ ದಶಕದ ನಡುವೆ ಉತ್ತರ ದೇಶದಿಂದ ಸ್ಕೀ ತರಿಸಿಕೊಂಡು ಲೆಖ್ ಕಡೆಗೆ ಹೋದರು ಎಂದು ಅಲ್ಲಿಯವರು ಹೇಳುತ್ತಾರೆ. 1901ರ ಜನವರಿ 3ರಂದು, ಅದೇ ಹಳೆಯ ಛತ್ರದ ಸಾಂಕ್ಟ್ ಕ್ರಿಸ್ಟೋಫ್‌ನಲ್ಲಿ ಗೆಳೆಯರ ಗುಂಪೊಂದು ಸೇರಿ ಆರ್ಲ್‌ಬರ್ಗ್ ಸ್ಕೀ ಕ್ಲಬ್ಬನ್ನು ಸ್ಥಾಪಿಸಿತು. ಇಷ್ಟನ್ನು ಹಾಳೆಯ ಅಂಚಿನಲ್ಲಿ ಚಿಕ್ಕ ಅಕ್ಷರಗಳಲ್ಲಿ ಬರೆದರೆ ಸಾಕು. ಹಾಳೆಯ ನಡುವಿನ ಜಾಗವನ್ನು ಹಾನೆಸ್ ಶ್ನೈಡರ್ ಅವರಿಗೆ ಬಿಡಿ.

ಶ್ನೈಡರ್ ಹುಟ್ಟಿದ್ದು 1890ರಲ್ಲಿ, ರೈಲಿನಿಂದ ಪೆಟ್ಟು ತಿಂದ ಅದೇ ಸ್ಟೂಬೆನ್‌ನಲ್ಲಿ. ಹುಡುಗನಾಗಿದ್ದಾಗ ವಿಕ್ಟರ್ ಜೋಮ್ ಎಂಬ ಸ್ಕೀಗಾರರನ್ನು ಕಂಡು ಅವರಿಂದ ಕಲಿತರು. 1907ರಲ್ಲಿ ಸಾಂಕ್ಟ್ ಆಂಟೋನ್‌ನ ಪೋಸ್ಟ್ ಹೋಟೆಲಿನ ಮಾಲೀಕ ಕಾರ್ಲ್ ಶೂಲರ್, ತನ್ನ ಅತಿಥಿಗಳಿಗೆ ಸ್ಕೀ ಕಲಿಸಲು ಈ ಹದಿನೇಳರ ಹುಡುಗನನ್ನು ನೇಮಿಸಿಕೊಂಡರು. ಹೋಟೆಲಿಗೆ ಚಳಿಗಾಲದ ಗಿರಾಕಿ ಬೇಕಿತ್ತು, ಗಿರಾಕಿಗೆ ಬೆಟ್ಟದಲ್ಲಿ ಮಾಡಲು ಏನಾದರೂ ಬೇಕಿತ್ತು. ಆ ಊರಿನ ಭವಿಷ್ಯವನ್ನು ತಿರುಗಿಸಿದ ನೇಮಕ ಇದು.

ಮೊದಲ ಮಹಾಯುದ್ಧದಲ್ಲಿ ಪರ್ವತ ಪಡೆಯ ಸೈನಿಕರಿಗೆ ಕಲಿಸಿ ಮರಳಿದ ಶ್ನೈಡರ್ 1921ರ ಸುಮಾರಿಗೆ ತಮ್ಮ ಸ್ಕೀ ಶಾಲೆಯನ್ನು ಕ್ರಮಬದ್ಧಗೊಳಿಸಿದರು. ಅದರ ಹಿರಿಮೆ ಏನೆಂದು ಮಲ್ಲೇಶ್ವರದವರಿಗೆ ಹೇಳುವುದು ಸುಲಭ. ಸಂಗೀತದ ಮೇಷ್ಟರು ಮಗುವಿಗೆ ನೇರವಾಗಿ ಕೀರ್ತನೆ ಹೇಳಿಕೊಡುವುದಿಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂದು ಹಂತ ಹಂತವಾಗಿ ಏರಿಸುತ್ತಾರೆ, ಒಂದು ಕೈಗೂಡದೆ ಮುಂದಿನದಕ್ಕೆ ಬಿಡುವುದಿಲ್ಲ. ಶ್ನೈಡರ್ ಸ್ಕೀಗೆ ಅಂಥ ಪಾಠಕ್ರಮವನ್ನು ಕೊಟ್ಟರು. ಮೊದಲ ಪಾಠದಲ್ಲಿ ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ ವೇಗ ತಗ್ಗಿಸುವುದು. ಆಮೇಲೆ ಒಂದೇ ಸ್ಕೀಯನ್ನು ಹೊರಚಾಚಿ ಅದರ ಮೇಲೆ ಭಾರ ಹಾಕಿ ತಿರುಗುವುದು. ಆಮೇಲೆ ಹಾಗೆ ತಿರುಗುತ್ತಲೇ ಎರಡನ್ನೂ ಸಮಾನಾಂತರವಾಗಿ ಕೂಡಿಸಿ ಮುಗಿಸುವುದು. ಮೈ ಮುಂದಕ್ಕೆ ಬಾಗಿ, ಮಂಡಿ ಮಡಿಸಿ ಕುಕ್ಕರಿಸಿದ ನಿಲುವು ಅವರ ಗುರುತಾಯಿತು. ಶಿಷ್ಯರನ್ನು ಅವರವರ ಮಟ್ಟಕ್ಕೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿದರು, ಎಲ್ಲ ಶಿಕ್ಷಕರೂ ಒಂದೇ ರೀತಿ ಕಲಿಸುವಂತೆ ನೋಡಿಕೊಂಡರು. ಇಂದು ನಿಮ್ಮ ಮೊಮ್ಮಗಳು ಮೊದಲ ದಿನ ಸ್ಕೀ ತರಗತಿಯಲ್ಲಿ ಕಾಲು ಅಗಲಿಸಿ ನಿಲ್ಲುವುದನ್ನು ನೋಡಿದರೆ, ಆ ಪಾಠದ ಬೇರು ಇಲ್ಲಿದೆ.

ಆರ್ನಾಲ್ಡ್ ಫಾಂಕ್ ಎಂಬ ಜರ್ಮನ್ ನಿರ್ದೇಶಕ 1920ರಿಂದ ಶ್ನೈಡರ್ ಅವರನ್ನು ಸಿನಿಮಾಗಳಲ್ಲಿ ತೋರಿಸಿದರು. ವಿಧಾನ ಊರಿನಾಚೆ ಹರಡಿತು. 1930ರಲ್ಲಿ ಜಪಾನಿನವರು ಶ್ನೈಡರ್ ಅವರನ್ನು ಕರೆಸಿಕೊಂಡರು. ಸಾಂಕ್ಟ್ ಆಂಟೋನ್‌ನ ಯುವಕರು ಶಿಕ್ಷಕರಾಗಿ ದೇಶಾಂತರ ಹೋದರು. ಹಿಂದೆ ಮಕ್ಕಳನ್ನು ಜೀತಕ್ಕೆ ಕಳುಹಿಸುತ್ತಿದ್ದ ಸೀಮೆ ಈಗ ಗುರುಗಳನ್ನು ಕಳುಹಿಸುತ್ತಿತ್ತು.

ಪಂದ್ಯಗಳ ವಿಷಯದಲ್ಲಿ ನನಗೆ ಆಸಕ್ತಿ ಕಡಿಮೆ, ಆದರೆ ಒಂದು ಕೊಂಡಿಯನ್ನು ದಕ್ಷಿಣ ಭಾರತದವರು ಬಿಡಬಾರದು. ಇಳಿಜಾರು ಪಂದ್ಯಗಳಿಗೆ ಇಂದಿನ ರೂಪ ಕೊಟ್ಟ ಆರ್ನಾಲ್ಡ್ ಲನ್ ಹುಟ್ಟಿದ್ದು 1888ರಲ್ಲಿ ಮದರಾಸಿನಲ್ಲಿ. ತಂದೆ ಹೆನ್ರಿ ಲನ್ ಅಲ್ಲಿ ಮೆಥಡಿಸ್ಟ್ ಮಿಷನರಿ. ಇಂಗ್ಲೆಂಡಿಗೆ ಮರಳಿದ ಮೇಲೆ ಅವರು ಪ್ರವಾಸ ಕಂಪನಿ ನಡೆಸಿ ಬ್ರಿಟಿಷರನ್ನು ಚಳಿಗಾಲದಲ್ಲಿ ಆಲ್ಪ್ಸ್‌ಗೆ ಕರೆದೊಯ್ದರು. ಮಗ ಆರ್ನಾಲ್ಡ್ 1922ರಲ್ಲಿ ಮ್ಯೂರೆನ್‌ನಲ್ಲಿ ಕಂಬಗಳ ನಡುವೆ ತಿರುತಿರುಗಿ ಇಳಿಯುವ ಸ್ಲಾಲಂ ಪಂದ್ಯವನ್ನು ಏರ್ಪಡಿಸಿದರು. 1928ರಲ್ಲಿ ಲನ್ ಮತ್ತು ಶ್ನೈಡರ್ ಕೂಡಿ ಸಾಂಕ್ಟ್ ಆಂಟೋನ್‌ನಲ್ಲಿ ಆರ್ಲ್‌ಬರ್ಗ್ ಕಂದಹಾರ್ ಪಂದ್ಯ ಆರಂಭಿಸಿದರು. ಟಿರೋಲ್‌ನ ಹಿಮಕ್ಕೆ ಆಫ್ಘನ್ ನಗರದ ಹೆಸರು ಬಂದದ್ದು ಲಾರ್ಡ್ ರಾಬರ್ಟ್ಸ್ ಅವರಿಂದ. 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ದಂಡು ನಡೆಸಿ ಆ ಬಿರುದು ಪಡೆದವರು, ಮುಂದೆ ಮದ್ರಾಸ್ ಸೈನ್ಯದ ದಂಡನಾಯಕರೂ ಆಗಿದ್ದವರು. ಅವರ ಹೆಸರಿನ ಸ್ಕೀ ಪಾರಿತೋಷಕಕ್ಕೆ 1911ರಲ್ಲೇ ಸ್ವಿಟ್ಜರ್ಲೆಂಡಿನ ಮೊಂಟಾನಾದಲ್ಲಿ ಸ್ಪರ್ಧೆ ನಡೆದಿತ್ತು.

ಈಗ 1938ಕ್ಕೆ ಬನ್ನಿ. ಇದನ್ನು ಹಾರಿಸಿ ಮುಂದೆ ಹೋಗುವ ಪ್ರವಾಸಿ ಕರಪತ್ರಗಳನ್ನು ನಂಬಬೇಡಿ. ಮಾರ್ಚ್ ತಿಂಗಳಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿದ ಕೂಡಲೇ, ನಾಜಿಗಳಿಗೆ ಮಣಿಯದ ಶ್ನೈಡರ್ ಅವರನ್ನು ಬಂಧಿಸಿ ಲಾಂಡೆಕ್‌ನ ಸೆರೆಮನೆಗೆ ಹಾಕಿದರು. ಇನ್ಸ್‌ಬ್ರುಕ್‌ನಿಂದ ನೀವು ಬರುವ ರೈಲು ಆ ಊರಿನಲ್ಲೇ ನಿಂತು ಬರುತ್ತದೆ. ಗೆಳೆಯನ ಬಂಧನದ ಸುದ್ದಿ ತಿಳಿದು ಲನ್ ಆ ವರ್ಷದ ಕಂದಹಾರ್ ಪಂದ್ಯವನ್ನೇ ರದ್ದು ಮಾಡಿದರು. ಅಮೆರಿಕದ ಬ್ಯಾಂಕ್ ಮುಖ್ಯಸ್ಥ ಹಾರ್ವೆ ಗಿಬ್ಸನ್ ತಮ್ಮ ಪ್ರಭಾವ ಬಳಸಿ ಬಿಡಿಸಿದ ಮೇಲೆ ಶ್ನೈಡರ್ 1939ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ನಾರ್ತ್ ಕಾನ್ವೇಗೆ ಹೋಗಿ ಅಲ್ಲಿ ಶಾಲೆ ನಡೆಸಿದರು. 1955ರಲ್ಲಿ ಅಲ್ಲೇ ತೀರಿಕೊಂಡರು.

ರುಡಾಲ್ಫ್ ಗೊಂಪರ್ಟ್ಸ್ ಅವರನ್ನು ಬಿಡಿಸಲು ಯಾರೂ ಬರಲಿಲ್ಲ. ವಿಯೆನ್ನಾದಲ್ಲಿ ಯಹೂದಿ ಮೂಲದ ಮನೆತನದಲ್ಲಿ 1878ರಲ್ಲಿ ಹುಟ್ಟಿದ ಈ ಎಂಜಿನಿಯರ್ 1905ರಲ್ಲಿ ಸಾಂಕ್ಟ್ ಆಂಟೋನ್‌ಗೆ ಬಂದು ಅಲ್ಲೇ ನೆಲೆಸಿದರು. ಕ್ಲಬ್ಬು, ಪಂದ್ಯ, ಪ್ರಚಾರ, ಪ್ರವಾಸಿಗರ ವ್ಯವಸ್ಥೆ ಎಲ್ಲದಕ್ಕೂ ತಮ್ಮ ದಶಕಗಳನ್ನೇ ಸುರಿದರು. ಶ್ನೈಡರ್ ಕಲಿಸಿದರೆ, ಕಲಿಯುವವರು ಅಲ್ಲಿಗೆ ಬರುವಂತೆ ಮಾಡಿದವರು ಇವರು. 1942ರ ಮೇ ತಿಂಗಳಲ್ಲಿ ವಿಯೆನ್ನಾದಿಂದ ಅವರನ್ನು ಮಿನ್ಸ್ಕ್ ಬಳಿಯ ಮಾಲಿ ಟ್ರೊಸ್ಟಿನೆಟ್ಸ್‌ಗೆ ಸಾಗಿಸಿ ಕೊಂದರು. ಊರಿನಲ್ಲಿ ಅವರಿಗೊಂದು ಸ್ಮಾರಕ ಎದ್ದದ್ದು ಅರ್ಧ ಶತಮಾನ ಕಳೆದ ಮೇಲೆ. ನಿಮ್ಮ ಮೂರನೆಯ ಹಾಳೆಯಲ್ಲಿ ಶ್ನೈಡರ್ ಹೆಸರಿನಷ್ಟೇ ದೊಡ್ಡದಾಗಿ ಗೊಂಪರ್ಟ್ಸ್ ಹೆಸರನ್ನು ಬರೆಯಬೇಕೆಂದು ನಾನು ಎಲ್ಲರಲ್ಲೂ ಒತ್ತಾಯಿಸುತ್ತೇನೆ.

ನಾಲ್ಕನೆಯ ಹಾಳೆ: ತಂತಿಗಳು

ಇದು ಬೇಗ ಮುಗಿಯುತ್ತದೆ. ಮೊದಲೆಲ್ಲ ಸ್ಕೀ ಅಡಿಗೆ ಸೀಲ್ ಪ್ರಾಣಿಯ ಚರ್ಮ ಕಟ್ಟಿಕೊಂಡು ಗಂಟೆಗಟ್ಟಲೆ ಹತ್ತಿ, ಒಂದು ಸಲ ಇಳಿದರೆ ದಿನ ಮುಗಿಯುತ್ತಿತ್ತು. 1937ರಲ್ಲಿ ಪಕ್ಕದ ತ್ಸ್ಯೂರ್ಸ್‌ನಲ್ಲಿ ಸ್ಕೀಗಾರರನ್ನು ಎಳೆದೊಯ್ಯುವ ಲಿಫ್ಟ್ ಬಂದಿತು, ಅದೇ ವರ್ಷ ಸಾಂಕ್ಟ್ ಆಂಟೋನ್‌ನಿಂದ ಗಾಲ್ಸಿಗ್ ಬೆಟ್ಟಕ್ಕೆ ಕೇಬಲ್ ಕಾರ್ ಬಂದಿತು. ಇಳಿಯುವ ಸಂಖ್ಯೆ ಹೆಚ್ಚಿದಂತೆ ಹಿಮ ಒತ್ತಿ ಗಟ್ಟಿಯಾಯಿತು, ಗಟ್ಟಿ ಹಿಮದಲ್ಲಿ ಹಿಡಿತಕ್ಕೆ ಸ್ಕೀ ಅಂಚಿನ ಉಕ್ಕಿನ ಪಟ್ಟಿ ಅನಿವಾರ್ಯವಾಯಿತು. ಲಿಫ್ಟುಗಳನ್ನು ನೀಲಿಯಲ್ಲಿ ಎಳೆದು ಮೊದಲ ಹಾಳೆಯ ಹಸಿರಿನ ಮೇಲೆ ಇಟ್ಟು ನೋಡಿ. ಬಹುಪಾಲು ನೀಲಿ ಗೆರೆಗಳು ಆ ಹಳೆಯ ಹುಲ್ಲುಗಾವಲುಗಳಲ್ಲೇ ಕೊನೆಗಾಣುತ್ತವೆ.

ಊರಿನಲ್ಲಿ ನಡೆಯುವ ಕ್ರಮ

ರೈಲಿನಿಂದ ಇಳಿದ ಕೂಡಲೇ ಊರೊಳಗೆ ಓಡಬೇಡಿ. ಪಶ್ಚಿಮಕ್ಕೆ ತಿರುಗಿ ಹಳ್ಳಿಗರೂ ಪ್ರವಾಸಿಗರೂ ಗಮನಿಸದ ಸುರಂಗದ ಕಡೆಗೆ ಒಂದಿಷ್ಟು ಹೊತ್ತು ನೋಡಿ. ನೀವು ನಿಂತಿರುವ ನಿಲ್ದಾಣ 2000ದಲ್ಲಿ ತೆರೆದದ್ದು. ಅದಕ್ಕೆ ಮೊದಲು ಹಳಿಗಳು ಊರಿಗೂ ಸ್ಕೀ ಇಳಿಜಾರಿಗೂ ನಡುವೆಯೇ ಹಾದು ಹೋಗುತ್ತಿದ್ದವು. 2001ರ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಇಡೀ ಮಾರ್ಗವನ್ನೇ ದಕ್ಷಿಣಕ್ಕೆ ಸರಿಸಿದರು. ಊರಿನತ್ತ ನಡೆದು ಇಳಿಜಾರಿನ ಬುಡ ತಲುಪಿದಾಗ ಎಡಬಲಕ್ಕೆ ನೀಳವಾಗಿ ತೆರೆದ ಪಟ್ಟಿಯೊಂದು ಕಾಣುತ್ತದೆ. ಹಳೆಯ ಹಳಿಯ ಜಾಗ ಅದು. ನಿಮ್ಮ ಎರಡನೆಯ ಹಾಳೆಯಲ್ಲಿ ಅದನ್ನು ಚುಕ್ಕೆಗೆರೆಯಿಂದ ತೋರಿಸಿ.

ಮುಖ್ಯ ಬೀದಿಯಲ್ಲಿ ಪೋಸ್ಟ್ ಹೋಟೆಲಿನ ಮುಂದೆ ನಿಲ್ಲಿ. ಅಲ್ಲಿಂದ ನಿಲ್ದಾಣದ ಹಳೆಯ ಜಾಗಕ್ಕೆ ಎಷ್ಟು ಹೆಜ್ಜೆ, ಇಳಿಜಾರಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. 1907ರ ಆ ನೇಮಕ ಏಕೆ ಫಲಿಸಿತು ಎಂಬುದಕ್ಕೆ ಉತ್ತರ ಆ ಎರಡು ಅಂಕಿಗಳಲ್ಲಿ ಸಿಗುತ್ತದೆ. ಅನಂತರ ಊರಿನ ವಸ್ತುಸಂಗ್ರಹಾಲಯ. ಹಳೆಯ ಬಂಗಲೆಯೊಂದರಲ್ಲಿದೆ, ತೆರೆದಿರುವ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ ಸ್ಕೀಗಳನ್ನು ನೋಡುವಾಗ ಮೂರೇ ಅಂಶ ಗಮನಿಸಿ: ಹಿಮ್ಮಡಿ ಹೇಗೆ ಬಿಗಿದಿದೆ, ಅಂಚಿನಲ್ಲಿ ಉಕ್ಕು ಇದೆಯೇ, ಕೋಲು ಒಂದೋ ಎರಡೋ. ಇಷ್ಟರಿಂದ ಆ ಸ್ಕೀ ಯಾವ ಕಾಲದ್ದೆಂದು ಫಲಕ ಓದುವ ಮೊದಲೇ ಊಹಿಸಬಹುದು. ಗೊಂಪರ್ಟ್ಸ್ ಸ್ಮಾರಕ ಎಲ್ಲಿದೆ ಎಂದು ಅಲ್ಲಿಯ ಸಿಬ್ಬಂದಿಯನ್ನೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ದೂರದ ಊರಿನವರು ಆ ಹೆಸರು ಹಿಡಿದು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ.

ಗಾಲ್ಸಿಗ್‌ನ ಈಗಿನ ಕೇಬಲ್ ಕಾರ್ ನಿಲ್ದಾಣ 2006ರದ್ದು. ಗಾಜಿನ ಕಟ್ಟಡದೊಳಗೆ ದೈತ್ಯ ಚಕ್ರಗಳು ತೊಟ್ಟಿಲುಗಳನ್ನು ನೆಲಮಟ್ಟಕ್ಕೆ ಇಳಿಸುತ್ತವೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಸ್ಕೀ ಇಲ್ಲದವರೂ ಟಿಕೆಟ್ ಪಡೆದು ಮೇಲೆ ಹೋಗಿ ಬರಬಹುದು. ಮೇಲೆ ಹೋದವರು ನಕ್ಷೆ ಬಿಚ್ಚಿ ಘಟ್ಟದ ದಾರಿಯನ್ನು ಕಣ್ಣಿನಿಂದ ಹುಡುಕಿ.

ಯಾವುದೇ ಫಲಕ, ಕರಪತ್ರದಲ್ಲಿ "ಜಗತ್ತಿನಲ್ಲೇ ಮೊದಲು" ಎಂದು ಕಂಡರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ. ಲಿಲಿಯೆನ್‌ಫೆಲ್ಡ್‌ನವರು ತಮ್ಮಲ್ಲಿ 1905ರಲ್ಲೇ ಜ್ಡಾರ್ಸ್ಕಿ ಗೇಟ್‌ಗಳ, ಅಂದರೆ ಜೋಡಿ ಕಂಬಗಳ, ನಡುವೆ ಇಳಿಯುವ ಪಂದ್ಯ ನಡೆಸಿದರು ಎನ್ನುತ್ತಾರೆ, ಮ್ಯೂರೆನ್‌ನವರು 1922ನ್ನು ತೋರಿಸುತ್ತಾರೆ. ಎರಡೂ ನಡೆದದ್ದು ನಿಜ. ಜ್ಡಾರ್ಸ್ಕಿಯದು ಕಡಿದಾದ ಇಳಿಜಾರಿನಲ್ಲಿ ತಿರುಗುವ ವಿದ್ಯೆಯನ್ನು ತೋರಿಸಲು ಇಟ್ಟದ್ದು, ಇಂದಿನ ಸ್ಲಾಲಂನ ನಿಯಮ ಲನ್ ಅವರ ಪಂದ್ಯದಿಂದ ಬೆಳೆದದ್ದು. ಯಾವುದರಲ್ಲಿ ಮೊದಲು ಎಂದು ಕೇಳಿದರೆ ಇಂಥ ಜಗಳಗಳು ಹೆಚ್ಚಾಗಿ ಬಗೆಹರಿಯುತ್ತವೆ. ಕಾರ್ಲ್ ಶ್ರಾಂಜ್ ವಿಷಯವೂ ಹೀಗೆಯೇ. ಈ ಊರಿನ ಆ ದೊಡ್ಡ ಸ್ಕೀಗಾರ 1969 ಮತ್ತು 1970ರಲ್ಲಿ ವಿಶ್ವಕಪ್ ಗೆದ್ದವರು. 1972ರ ಸಪ್ಪೊರೊ ಒಲಿಂಪಿಕ್ಸ್‌ನಿಂದ ಅವರನ್ನು ಹೊರಗಿಟ್ಟರು. ಹವ್ಯಾಸಿ ಆಟಗಾರರ ನಿಯಮ ಮುರಿದರು ಎಂಬುದು ಒಲಿಂಪಿಕ್ ಸಮಿತಿಯ ಮಾತು. ಮರಳಿದಾಗ ವಿಯೆನ್ನಾದ ಬೀದಿಗಳಲ್ಲಿ ಜನಸಾಗರವೇ ಸ್ವಾಗತಿಸಿತು. ಊರಿನ ಹಿರಿಯರ ಬಳಿ ಈ ಹೆಸರೆತ್ತಿ, ಅವರ ಮಾತನ್ನು ಅವರದೇ ಅಭಿಪ್ರಾಯವೆಂದು ಗುರುತು ಹಾಕಿ ಬರೆದುಕೊಳ್ಳಿ.

ಇನ್ಸ್‌ಬ್ರುಕ್ ಮೂಲಕ ಹೋಗುವವರಿಗೆ ಇನ್ನೊಂದು ವಿಷಯ: ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಸರಿನಲ್ಲಿ ಮೊದಲು ಸ್ಪರ್ಧಿಸಿದ ಜೆರೆಮಿ ಬುಯಕೋವ್‌ಸ್ಕಿ 1964ರಲ್ಲಿ ಇಳಿದದ್ದು ಇದೇ ನಗರದ ಕೂಟದಲ್ಲಿ. ಸ್ಪರ್ಧಿಸಿದ್ದು ಸ್ಕೀಯಲ್ಲೇ. ನಕ್ಷೆಯ ಬಲ ಅಂಚಿನಲ್ಲಿ ಬರೆದಿಡಿ.

ಚಪ್ಪಲಿ, ತೆಳು ಶೂ ಬೇಡ. ಅಡಿಯಲ್ಲಿ ಒರಟು ಹಲ್ಲಿರುವ ಬೂಟು ಬೇಕು. ಅದನ್ನು ಇಲ್ಲಿ ಕೊಳ್ಳುವುದಕ್ಕಿಂತ ಅಲ್ಲಿ ಮಕ್ಕಳ ಮನೆಯ ಹತ್ತಿರ ಕೊಳ್ಳುವುದು ಒಳ್ಳೆಯದು. ಪೆನ್ನಿನ ಶಾಯಿ ಚಳಿಗೆ ಕೈಕೊಡುತ್ತದೆ, ಪೆನ್ಸಿಲ್ ಇಟ್ಟುಕೊಳ್ಳಿ. ಕೈಗವಸು ಹಾಕಿಕೊಂಡೇ ಬರೆಯಲು ದಪ್ಪ ಪೆನ್ಸಿಲ್ ಉತ್ತಮ.

ಮಧ್ಯಾಹ್ನ ಊಟ ಮುಗಿಸಿ ಬಸ್ಸಿನಲ್ಲಿ ಸಾಂಕ್ಟ್ ಕ್ರಿಸ್ಟೋಫ್‌ಗೆ ಹೋಗಿ. ಸುರಂಗ ಬರುವ ಮೊದಲು ಎಲ್ಲರೂ ಹತ್ತುತ್ತಿದ್ದ ಘಟ್ಟದ ರಸ್ತೆಯದು. ಬಲಕ್ಕೆ, ಎಡಕ್ಕೆ ಹಿಮಕುಸಿತ ತಡೆಯಲು ಕಟ್ಟಿದ ಬೇಲಿಗಳನ್ನು, ಗೋಡೆಗಳನ್ನು ನೋಡುತ್ತಾ ಹೋಗಿ. ಇವು ಅಲಂಕಾರಕ್ಕಲ್ಲ. ಪಕ್ಕದ ಕಣಿವೆಯ ಗಾಲ್ಟ್ಯೂರ್‌ನಲ್ಲಿ 1999ರ ಫೆಬ್ರುವರಿಯಲ್ಲಿ ಹಿಮ ಜಾರಿ ಊರಿನ ಮೇಲೆ ಬಿದ್ದು ಹಲವರು ಸತ್ತರು. ಛತ್ರದ ಬಳಿ ಇಳಿದು 1386 ಮತ್ತು 1901 ಎರಡನ್ನೂ ಒಂದೇ ಚುಕ್ಕೆಯ ಪಕ್ಕದಲ್ಲಿ ಬರೆಯಿರಿ. ಹಿಮ ಬಿದ್ದಾಗ ರಸ್ತೆ ಮುಚ್ಚುವುದುಂಟು. ಆದ್ದರಿಂದ ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಚಾಲಕರನ್ನು ಕೇಳಿಟ್ಟುಕೊಳ್ಳಿ, ಮಗನಿಗೋ ಸೊಸೆಗೋ ಆ ವೇಳೆಯನ್ನು ಮೊಬೈಲಿನಲ್ಲಿ ತಿಳಿಸಿ.